ಮೂರೂವರೆ ವರ್ಷದ ಮಗಳೊಂದಿಗೆ ಕ್ಯಾಂಪರ್ ವ್ಯಾನಿನಲ್ಲಿ ಎಫ್ಟೆಲಿಂಗ್‌ಗೆ ಹೋಗುವ ಬಗ್ಗೆ ಸಲಹೆ ಬೇಕು

ರೈನ್ ದಡದವಳು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ನೆಲೆಸಿರುವ ಮೈಸೂರಿನ ಕುಟುಂಬ. ಬರುವ ಮೇ ತಿಂಗಳಿನಲ್ಲಿ ಕ್ಯಾಂಪರ್ ವ್ಯಾನ್ ಒಂದನ್ನು ಬಾಡಿಗೆಗೆ ಪಡೆದು, ನೆದರ್ಲೆಂಡ್ಸ್‌ನ ಕಾಟ್ಸ್‌ಹ್ಯೂವೆಲ್‌ನಲ್ಲಿರುವ ಎಫ್ಟೆಲಿಂಗ್ ಎಂಬ ಮನೋರಂಜನಾ ಉದ್ಯಾನಕ್ಕೆ ಹೋಗಿಬರಬೇಕೆಂದು ಯೋಚಿಸಿದ್ದೇವೆ. ನಾನು, ನನ್ನ ಪತಿ, ಮೂರೂವರೆ ವರ್ಷದ ಮಗಳು ಮತ್ತು ಆ ಹೊತ್ತಿಗೆ ಮೈಸೂರಿನಿಂದ ಬಂದಿರುವ ನಮ್ಮ ಅತ್ತೆಯವರು, ಹೀಗೆ ನಾಲ್ಕು ಜನ ಹೊರಡುವವರಿದ್ದೇವೆ. ಅಸೆನ್ಷನ್ ಎಂಬ ಕ್ರೈಸ್ತ ಹಬ್ಬದ ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿಕೊಂಡು ವಾರಾಂತ್ಯದವರೆಗೆ ಅಲ್ಲಿಯೇ ಇರುವುದು ಸದ್ಯದ ಆಲೋಚನೆ.

ದಾರಿ ಸುಮಾರು ನೂರೈವತ್ತು ಕಿಲೋಮೀಟರ್ ಮಾತ್ರ ಇರುವುದರಿಂದ ವ್ಯಾನ್ ನಿಜವಾಗಿಯೂ ಬೇಕೇ ಎಂಬ ಪ್ರಶ್ನೆ ಮನೆಯಲ್ಲಿಯೇ ಎದ್ದಿದೆ. ನನ್ನ ಒಲವು ವ್ಯಾನಿನ ಕಡೆಗಿದೆ. ಮಗಳು ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆಯಾದರೂ ಮಲಗದಿದ್ದರೆ ಸಂಜೆ ಅವಳನ್ನು ಸಮಾಧಾನಪಡಿಸುವುದು ಬಹಳ ಕಷ್ಟ. ಅತ್ತೆಯವರು ಮೊಟ್ಟೆ ಸೇರಿದ ಏನನ್ನೂ ತಿನ್ನುವುದಿಲ್ಲವಾದ್ದರಿಂದ ನಮ್ಮದೇ ಅಡುಗೆಯ ವ್ಯವಸ್ಥೆ ಇದ್ದರೆ ಅವರಿಗೆ ನೆಮ್ಮದಿ. ಹಾಸಿಗೆಯೂ ಅಡುಗೆಮನೆಯೂ ನಮ್ಮೊಂದಿಗೇ ಬರುವುದಾದರೆ ಈ ಎರಡು ಚಿಂತೆಗಳೂ ನೀಗುತ್ತವೆ ಎಂಬುದು ನನ್ನ ಎಣಿಕೆ.

ರಾತ್ರಿ ಉದ್ಯಾನದ ವಾಹನ ನಿಲುಗಡೆಯಲ್ಲಿಯೇ ಮಲಗಬಹುದೇ ಅಥವಾ ಕ್ಯಾಂಪಿಂಗ್ ತಾಣವನ್ನೇ ಹುಡುಕಬೇಕೇ? ಸುಮಾರು 98 ಸೆಂಟಿಮೀಟರ್ ಎತ್ತರದ, ಕತ್ತಲೆಗೆ ಹೆದರುವ ಮಗುವಿಗೆ ಅಲ್ಲಿ ನೋಡುವುದಕ್ಕೆ, ಆಡುವುದಕ್ಕೆ ಸಾಕಷ್ಟು ಇದೆಯೇ? ವ್ಯಾನಿನಲ್ಲಿ ಮಗುವನ್ನು ಕೂರಿಸುವಾಗ, ಮಲಗಿಸುವಾಗ ಏನನ್ನು ಗಮನಿಸಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಬ್ರಾಬಂಟ್ ನಿವಾಸಿ ನೀಡಿದ ಉತ್ತರ:

ನಾವು ಐಂಡ್‌ಹೋವನ್‌ನಲ್ಲಿ ಇರುವವರು. ಮಕ್ಕಳು ಚಿಕ್ಕವರಿದ್ದಾಗ ವಾರ್ಷಿಕ ಪಾಸ್ ಮಾಡಿಸಿಕೊಂಡು ಎಫ್ಟೆಲಿಂಗ್‌ಗೆ ಹೋಗಿಬರುವುದು ನಮ್ಮ ಮನೆಯ ರೂಢಿಯೇ ಆಗಿತ್ತು. ಆದ್ದರಿಂದ ಉದ್ಯಾನದ ಬಗ್ಗೆ ನಾನು ಹೇಳುತ್ತೇನೆ, ವ್ಯಾನಿನ ಬಗ್ಗೆ ತಿಳಿದವರು ಹೇಳಲಿ.

ಎಲ್ಲಕ್ಕಿಂತ ಮೊದಲು ದಿನವನ್ನು ಬದಲಾಯಿಸಿ ಎಂದು ವಿನಂತಿಸುತ್ತೇನೆ. ಅಸೆನ್ಷನ್ ರಜೆ ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಈ ಮೂರು ದೇಶಗಳಿಗೂ ಒಂದೇ ದಿನ ಬರುತ್ತದೆ, ಮತ್ತು ಎಫ್ಟೆಲಿಂಗ್ ಈ ಮೂರಕ್ಕೂ ಹತ್ತಿರವಿದೆ. ಆ ನಾಲ್ಕು ದಿನಗಳಲ್ಲಿ ಉದ್ಯಾನವೂ ಸುತ್ತಲಿನ ಕ್ಯಾಂಪಿಂಗ್ ತಾಣಗಳೂ ತುಂಬಿ ತುಳುಕುತ್ತವೆ. ನಿಮ್ಮ ಮಗಳು ಇನ್ನೂ ಶಾಲೆಗೆ ಸೇರಿಲ್ಲದಿರುವುದು ನಿಮಗಿರುವ ದೊಡ್ಡ ಅನುಕೂಲ. ಕಿಂಡರ್‌ಗಾರ್ಟನ್‌ಗೆ ಎರಡು ದಿನ ರಜೆ ಹೇಳಿ ಸಾಧಾರಣ ವಾರದ ಮಂಗಳವಾರವೋ ಗುರುವಾರವೋ ಹೋಗುವ ಅವಕಾಶ ಇನ್ನೆರಡು ಮೂರು ವರ್ಷಗಳಲ್ಲಿ ತಪ್ಪಿಹೋಗುತ್ತದೆ. ಬುಧವಾರ ಬೇಡ, ಏಕೆಂದರೆ ಇಲ್ಲಿನ ಅನೇಕ ಪ್ರಾಥಮಿಕ ಶಾಲೆಗಳು ಬುಧವಾರ ಮಧ್ಯಾಹ್ನ ಬೇಗನೆ ಬಿಡುತ್ತವೆ. ಟಿಕೆಟನ್ನು ದಿನಾಂಕ ಗೊತ್ತುಮಾಡಿ ಮೊದಲೇ ಕೊಳ್ಳಿರಿ. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಪ್ರವೇಶ ಉಚಿತ.

ಇನ್ನು ಮಗುವಿನ ವಿಷಯ. ಎತ್ತರದ ಚಿಂತೆಯನ್ನು ಬಿಟ್ಟುಬಿಡಿ. ಯೋರಿಸ್ ಎನ್ ದೆ ದ್ರಾಕ್‌ಗೆ 110, ಪೈಥಾನ್‌ಗೆ 120, ಬ್ಯಾರನ್ 1898ಕ್ಕೆ 132 ಸೆಂಟಿಮೀಟರ್ ಎತ್ತರ ಬೇಕೆಂಬುದು ನಿಜ, ಆದರೆ ಎಫ್ಟೆಲಿಂಗ್‌ನ ಜೀವ ಇರುವುದು ಆ ರೋಲರ್ ಕೋಸ್ಟರ್‌ಗಳಲ್ಲಿ ಅಲ್ಲ. 1952ರಲ್ಲಿ ಈ ಉದ್ಯಾನ ತೆರೆದಾಗ ಅದರ ಹೃದಯವಾಗಿದ್ದದ್ದು ಹತ್ತು ಕಥೆಗಳ ಒಂದು ಕಾಡು. ಚಿತ್ರಕಾರ ಆಂಟನ್ ಪೀಕ್ ಅದರ ರೂಪವನ್ನು ಕಲ್ಪಿಸಿದರು, ಪೀಟರ್ ರೈಂಡರ್ಸ್ ಅದಕ್ಕೆ ಚಲನೆ ಮತ್ತು ಧ್ವನಿಯ ತಂತ್ರವನ್ನು ಒದಗಿಸಿದರು. ಇಂದಿಗೂ ಆ ಕಥೆಗಳ ಕಾಡು ನಿಜವಾದ ಮರಗಳ ನಡುವೆ, ನೆರಳಿನ ಕಾಲುದಾರಿಗಳಲ್ಲಿ ಹಾಗೆಯೇ ಬೆಳೆಯುತ್ತಾ ಬಂದಿದೆ. ಉದ್ದನೆಯ ಕತ್ತನ್ನು ಮೇಲಕ್ಕೂ ಕೆಳಕ್ಕೂ ಚಾಚುವ ಲಾಂಗ್‌ನೆಕ್, ತಾನಾಗಿಯೇ ಕುಣಿಯುವ ಕೆಂಪು ಬೂಟುಗಳು, ಮಾತನಾಡುವ ಮರ, ಇವುಗಳ ಮುಂದೆ ಮೂರು ನಾಲ್ಕು ವರ್ಷದ ಮಕ್ಕಳು ಎಷ್ಟು ಹೊತ್ತಾದರೂ ನಿಲ್ಲುತ್ತಾರೆ. ದೊಡ್ಡ ಬಾಯಿ ತೆರೆದು ‘ಪಾಪೀರ್ ಹೀರ್’, ಎಂದರೆ ‘ಕಾಗದ ಇಲ್ಲಿಗೆ’ ಎಂದು ಕೂಗುತ್ತಾ ಕಸವನ್ನು ಒಳಗೆ ಎಳೆದುಕೊಂಡು ವಂದನೆ ಹೇಳುವ ಹೊಲ್ಲೆ ಬೊಲ್ಲೆ ಹೈಸ್ ಎಂಬ ಗೊಂಬೆಗಳು ಉದ್ಯಾನದ ಹಲವೆಡೆ ಇವೆ. ಚೀಲದಲ್ಲಿ ಒಂದಿಷ್ಟು ಕಾಗದದ ಚೂರುಗಳನ್ನು ಇಟ್ಟುಕೊಂಡು ಹೋಗಿ, ಮಗು ಅದನ್ನೇ ಅರ್ಧ ದಿನ ಆಡುತ್ತದೆ.

ನಿಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗುತ್ತಿರುವುದು ಬಹಳ ಒಳ್ಳೆಯದು. ಆ ಕಾಡಿನಲ್ಲಿ ಭಾರತದ ನೈದಿಲೆಗಳ ಹೆಸರಿನ ಒಂದು ಗುಹೆಯಿದೆ. 1966ರಲ್ಲಿ ತೆರೆದ ಆ ದೃಶ್ಯಕ್ಕೆ ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಕಥೆಯೇ ಆಧಾರ. ಹೊರಡುವ ಮುಂಚಿನ ವಾರದಲ್ಲಿ ಕೆಂಪು ಟೋಪಿಯ ಹುಡುಗಿ, ತೋಳ ಮತ್ತು ಏಳು ಆಡಿನ ಮರಿಗಳು, ಮಿಠಾಯಿ ಮನೆಯ ಮಾಟಗಾತಿ, ಈ ಕಥೆಗಳನ್ನು ಅಜ್ಜಿಯೇ ಕನ್ನಡದಲ್ಲಿ ಮೊಮ್ಮಗಳಿಗೆ ಹೇಳಿಬಿಟ್ಟರೆ, ಅಲ್ಲಿ ಡಚ್ ಭಾಷೆ ಅರ್ಥವಾಗದಿರುವುದು ಒಂದು ಕೊರತೆಯೇ ಆಗುವುದಿಲ್ಲ. ತೋಳ ಯಾರು, ಅದಕ್ಕೆ ಕೊನೆಗೆ ಏನಾಗುತ್ತದೆ ಎಂದು ಮೊದಲೇ ಗೊತ್ತಿರುವ ಮಗು ಅದನ್ನು ಕಂಡು ಹೆದರುವುದೂ ಕಡಿಮೆ.

ಕತ್ತಲೆಯ ಬಗ್ಗೆ ಹೇಳುವುದಾದರೆ, ಡ್ರೋಮ್‌ವ್ಲುಖ್ಟ್ ಕತ್ತಲಿನಲ್ಲಿ ತೂಗುತ್ತಾ ಸಾಗುವ ಗಾಡಿಯಾದರೂ ಒಳಗೆಲ್ಲ ದೀಪಗಳು, ಯಕ್ಷಿಣಿಯರು, ಹೂಗಳು ಇರುವುದರಿಂದ ಹೆಚ್ಚಿನ ಮಕ್ಕಳು ಇಷ್ಟಪಡುತ್ತಾರೆ. ಸಿಂಬೋಲಿಕಾ ಅರಮನೆಯ ಸವಾರಿಯೂ, ಕಾರ್ನವಲ್ ಫೆಸ್ಟಿವಲ್‌ನ ಗೊಂಬೆಗಳೂ ಹಾಗೆಯೇ. ಫಾತಾ ಮೊರ್ಗಾನಾ ಎಂಬ ಸವಾರಿಯಲ್ಲಿ ಸೆರೆಮನೆಯ ದೃಶ್ಯವೂ ಆರ್ಭಟವೂ ಇರುವುದರಿಂದ ಅದನ್ನು ನಿಮ್ಮಲ್ಲಿ ಒಬ್ಬರು ಮೊದಲು ನೋಡಿ ನಿರ್ಧರಿಸುವುದು ಒಳ್ಳೆಯದು. 2024ರಲ್ಲಿ ತೆರೆದ ದಾನ್ಸ್ ಮಕಾಬ್ರ್ ಹೆದರಿಸುವುದಕ್ಕೆಂದೇ ಇರುವಂಥದ್ದು, ಅದರ ಹತ್ತಿರ ಹೋಗಬೇಡಿ. ಹಬೆಯ ರೈಲು, ನಿಧಾನವಾಗಿ ಕೊಳದಲ್ಲಿ ತೇಲುವ ಗೊಂಡೊಲೆಟ್ಟಾ ದೋಣಿ, ಹಳೆಯ ಕಾರುಗಳ ಸವಾರಿ, ಇವು ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ಒಗ್ಗುವಂಥವು.

ಮ್ಯೂನಿಕ್ ಮಲೆನಾಡಿಗ ನೀಡಿದ ಉತ್ತರ:

ನಮ್ಮದು ಸ್ವಂತ ಕ್ಯಾಂಪರ್ ವ್ಯಾನ್. ಚಿಕ್ಕ ಮಕ್ಕಳನ್ನು ಕರೆದುಕೊಂಡೇ ತಿರುಗಾಡುವುದರಿಂದ ಆ ಭಾಗದ ವಿವರಗಳನ್ನು ಬರೆಯುತ್ತೇನೆ.

ಉದ್ಯಾನದ ವಾಹನ ನಿಲುಗಡೆಯಲ್ಲಿ ರಾತ್ರಿ ಕಳೆಯುವ ಆಲೋಚನೆಯನ್ನು ಕೈಬಿಡಿ. ಜರ್ಮನಿಯಲ್ಲಿ ಹೆದ್ದಾರಿಯ ಪಕ್ಕದ ನಿಲ್ದಾಣದಲ್ಲಿ ಚಾಲಕ ದಣಿವಾರಿಸಿಕೊಳ್ಳಲು ಒಂದು ರಾತ್ರಿ ವಾಹನದೊಳಗೆ ಮಲಗುವುದಕ್ಕೆ ಆಕ್ಷೇಪವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಕ್ಯಾಂಪರ್‌ಗಳಿಗೆಂದು ಗುರುತಿಸಿದ ಸ್ಥಳ ಅಥವಾ ಕ್ಯಾಂಪಿಂಗ್ ತಾಣದ ಹೊರಗೆ ರಾತ್ರಿ ಮಲಗುವುದನ್ನು ಬಹುತೇಕ ಪುರಸಭೆಗಳು ನಿಷೇಧಿಸಿವೆ, ದಂಡವೂ ಬೀಳುತ್ತದೆ. ಕಾಟ್ಸ್‌ಹ್ಯೂವೆಲ್ ಸುತ್ತಮುತ್ತ ಕುಟುಂಬಗಳಿಗೆ ಒಪ್ಪುವ ಕ್ಯಾಂಪಿಂಗ್ ತಾಣಗಳು ಇವೆ. ಚಿಕ್ಕ ಮಗು ಇರುವವರು ಬರೀ ಕ್ಯಾಂಪರ್ ನಿಲುಗಡೆಗಿಂತ ಆಟದ ಅಂಗಳ, ಬಿಸಿನೀರಿನ ಸ್ನಾನದ ಮನೆ, ಪಾತ್ರೆ ತೊಳೆಯುವ ಜಾಗ ಇರುವ ತಾಣವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವ್ಯಾನಿನೊಳಗಿನ ಸ್ನಾನದ ಮನೆಯಲ್ಲಿ ಮಗುವಿಗೆ ಎರೆಯುವುದು ಯಾರಿಗೂ ಸುಖವಲ್ಲ, ನೀರಿನ ತೊಟ್ಟಿಯೂ ನಾಲ್ಕು ಜನರಿಗೆ ಬಹಳ ಬೇಗ ಬರಿದಾಗುತ್ತದೆ.

ವಾಹನವನ್ನು ಆರಿಸುವಾಗ ಎಷ್ಟು ಜನ ಮಲಗಬಹುದು ಎಂಬುದನ್ನಷ್ಟೇ ನೋಡಬೇಡಿ, ಓಡುವಾಗ ಎಷ್ಟು ಜನ ಬೆಲ್ಟ್ ಹಾಕಿಕೊಂಡು ಕೂರಬಹುದು ಎಂಬುದನ್ನು ನೋಂದಣಿ ಪತ್ರದಲ್ಲಿ ನೋಡಿ. ನಾಲ್ಕು ಹಾಸಿಗೆ ಇರುವ ವಾಹನದಲ್ಲಿ ನಾಲ್ಕು ಸರಿಯಾದ ಆಸನಗಳು ಇರಲೇಬೇಕೆಂದೇನೂ ಇಲ್ಲ. ಮಗುವಿನ ಆಸನವನ್ನು ಮುಂದಕ್ಕೆ ಮುಖ ಮಾಡಿರುವ, ಮೂರು ಬಿಂದುಗಳ ಬೆಲ್ಟ್ ಇರುವ ಸೀಟಿಗೆ ಮಾತ್ರ ಕಟ್ಟಬೇಕು. ಪಕ್ಕಕ್ಕೆ ಮುಖ ಮಾಡಿರುವ ಸೋಫಾದ ಮೇಲೆ, ಅಥವಾ ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಜಾಗದಲ್ಲಿ ಎಂದಿಗೂ ಕೂರಿಸಬೇಡಿ. ಬಾಡಿಗೆಯ ಅನೇಕ ವಾಹನಗಳಲ್ಲಿ ಐಸೋಫಿಕ್ಸ್, ಎಂದರೆ ಮಕ್ಕಳ ಆಸನವನ್ನು ನೇರವಾಗಿ ಸೀಟಿಗೆ ಸಿಕ್ಕಿಸುವ ಕೊಂಡಿಗಳು ಇರುವುದಿಲ್ಲ, ಆದ್ದರಿಂದ ನಿಮ್ಮ ಕಾರಿನ ಮಕ್ಕಳ ಆಸನ ಬೆಲ್ಟಿನಿಂದಲೂ ಕಟ್ಟಬಹುದಾದದ್ದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆ ಆಸನಕ್ಕೆ ನೆಲಕ್ಕೆ ಊರುವ ಕಾಲು ಇದ್ದರೆ, ಕೆಳಗೆ ಟೊಳ್ಳಾದ ಸಾಮಾನಿನ ಪೆಟ್ಟಿಗೆ ಇರುವ ಕಡೆ ಅದನ್ನು ಊರಬಾರದು. ಜರ್ಮನಿಯಲ್ಲಿ 12 ವರ್ಷದವರೆಗೆ ಅಥವಾ 150 ಸೆಂಟಿಮೀಟರ್ ಎತ್ತರದವರೆಗೆ, ನೆದರ್ಲೆಂಡ್ಸ್‌ನಲ್ಲಿ 135 ಸೆಂಟಿಮೀಟರ್‌ವರೆಗೆ ಮಕ್ಕಳ ಆಸನ ಕಡ್ಡಾಯ. ವಾಹನ ಓಡುತ್ತಿರುವಾಗ ಅಜ್ಜಿಯಾಗಲಿ ಮಗುವಾಗಲಿ ಹಿಂದಿನ ಹಾಸಿಗೆಯಲ್ಲಿ ಮಲಗುವಂತಿಲ್ಲ. ಇದನ್ನು ಹೊರಡುವ ಮುನ್ನವೇ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ, ಏಕೆಂದರೆ ಮಗು ತೂಕಡಿಸತೊಡಗಿದಾಗ ಹಿಂದೆ ಮಲಗಿಸಿಬಿಡೋಣ ಎನ್ನುವ ಮನಸ್ಸು ಯಾರಿಗಾದರೂ ಬರುತ್ತದೆ.

ರಾತ್ರಿ ಮಗುವನ್ನು ಚಾಲಕನ ತಲೆಯ ಮೇಲಿನ ಎತ್ತರದ ಹಾಸಿಗೆಯಲ್ಲಿ ಮಲಗಿಸಬೇಡಿ, ಕೆಳಗಿನ ಹಾಸಿಗೆಯನ್ನು ಮಗುವಿಗೂ ಅಜ್ಜಿಗೂ ಕೊಡಿ. ಮೇ ತಿಂಗಳ ರಾತ್ರಿಗಳು ಇಲ್ಲಿ ಇನ್ನೂ ಚಳಿಯಾಗಿಯೇ ಇರುತ್ತವೆ. ವ್ಯಾನಿಗೆಂದು ಅಳವಡಿಸಿದ ಹೀಟರ್ ಅನ್ನು ಬಳಸಿ. ಒಲೆಯ ಬೆಂಕಿಯಿಂದ ಒಳಗನ್ನು ಬೆಚ್ಚಗೆ ಮಾಡುವುದು ಪ್ರಾಣಕ್ಕೆ ಅಪಾಯ. ಅಡುಗೆ ಮಾಡುವಾಗ ಮೇಲಿನ ಕಿಟಕಿ ತೆರೆದಿರಲಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಎಚ್ಚರಿಕೆ ಗಂಟೆ ವಾಹನದಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಒಂದನ್ನು ಕೊಂಡುಕೊಳ್ಳಿ.

ಹೇಮಾವತಿ ತೀರ ನೀಡಿದ ಉತ್ತರ:

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಪ್ರಶ್ನೆ ಕೇಳಿದವರ ಮುಖ್ಯ ಎಣಿಕೆಯ ಬಗ್ಗೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಮಧ್ಯಾಹ್ನ ಮಗುವನ್ನು ವ್ಯಾನಿಗೆ ಕರೆತಂದು ಮಲಗಿಸುತ್ತೇವೆ ಎಂಬುದು ಕೇಳುವುದಕ್ಕೆ ಸೊಗಸಾಗಿದೆ, ಆದರೆ ನಡೆದೀತೆಂದು ನನಗೆ ಅನ್ನಿಸುವುದಿಲ್ಲ. ಉದ್ಯಾನ ಬಹಳ ವಿಸ್ತಾರವಾದದ್ದು. ಒಳಗಿನ ಒಂದು ಮೂಲೆಯಿಂದ ಬಾಗಿಲಿನವರೆಗೆ, ಅಲ್ಲಿಂದ ವಾಹನ ನಿಲುಗಡೆಯ ತುದಿಯವರೆಗೆ ದಣಿದ ಮಗುವನ್ನು ಎತ್ತಿಕೊಂಡು ನಡೆಯುವಷ್ಟರಲ್ಲಿ ಅದರ ನಿದ್ದೆ ಹಾರಿಹೋಗಿರುತ್ತದೆ, ಬಿಸಿಲಿನಲ್ಲಿ ನಿಂತ ವ್ಯಾನಿನ ಒಳಗು ಕಾದಿರುತ್ತದೆ, ಮಲಗಿ ಎದ್ದ ಮೇಲೆ ಮತ್ತೆ ಅಷ್ಟೇ ದೂರ ನಡೆಯಬೇಕು. ಒಂದು ಗಂಟೆಯ ನಿದ್ದೆಗೆ ಎರಡೂವರೆ ಗಂಟೆ ಕೊಟ್ಟಂತಾಗುತ್ತದೆ.

ಅದಕ್ಕಿಂತ ದಿನವನ್ನೇ ಬೇರೆ ರೀತಿಯಲ್ಲಿ ಹಂಚಿಕೊಳ್ಳಿ. ಮಗು ಎಷ್ಟು ಹೊತ್ತು ಎಚ್ಚರವಿದ್ದು ನಲಿಯಬಲ್ಲದೋ ಅಷ್ಟೇ ನಿಮ್ಮ ದಿನ ಎಂದುಕೊಂಡರೆ ಉಳಿದದ್ದೆಲ್ಲ ಸುಲಭ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಹೆಚ್ಚಿನವರು ದೊಡ್ಡ ಸವಾರಿಗಳ ಕಡೆಗೆ ಓಡುವಾಗ ನೀವು ನೇರವಾಗಿ ಡ್ರೋಮ್‌ವ್ಲುಖ್ಟ್‌ಗೆ ಹೋಗಿ ಅದನ್ನು ಮುಗಿಸಿಕೊಂಡು, ಆಮೇಲೆ ನಿಧಾನವಾಗಿ ಕಥೆಗಳ ಕಾಡಿಗೆ ಬನ್ನಿ. ಕಾಡಿನಲ್ಲಿ ಸಾಲು ನಿಲ್ಲುವ ಕೆಲಸವೇ ಇಲ್ಲ. ಊಟದ ನಂತರ ಕೈಗಾಡಿಯಲ್ಲಿ ಹಾಸಿಗೆ ಹಾಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಆ ನೆರಳಿನ ದಾರಿಗಳಲ್ಲಿ ಎಳೆದುಕೊಂಡು ನಡೆದರೆ ಮಗು ಅಲ್ಲಿಯೇ ಮಲಗುತ್ತದೆ. ಉದ್ಯಾನದಲ್ಲಿ ಬಾಡಿಗೆಗೆ ಕೈಗಾಡಿಗಳೂ ತಳ್ಳುಗಾಡಿಗಳೂ ಸಿಗುತ್ತವೆ. ಆ ಹೊತ್ತಿನಲ್ಲಿ ಅತ್ತೆಯವರು ಕುಳಿತು ದಣಿವಾರಿಸಿಕೊಳ್ಳಬಹುದು, ನೀವಿಬ್ಬರು ದೊಡ್ಡವರು ಸರದಿಯಂತೆ ಯಾವುದಾದರೂ ದೊಡ್ಡ ಸವಾರಿಗೂ ಹೋಗಿಬರಬಹುದು.

ಹಾಗಾದರೆ ವ್ಯಾನಿನಿಂದ ಏನು ಪ್ರಯೋಜನ ಎಂದು ಕೇಳಬಹುದು. ವ್ಯಾನಿನ ನಿಜವಾದ ಲಾಭ ಸಂಜೆಗೆ ಮತ್ತು ಮರುದಿನಕ್ಕೆ. ಮಗು ಸಾಕು ಎಂದಾಗ, ಅದು ಮೂರು ಗಂಟೆಯೇ ಆಗಿದ್ದರೂ, ಯಾವ ಬೇಸರವೂ ಇಲ್ಲದೆ ಹೊರಟು ಹತ್ತು ನಿಮಿಷದಲ್ಲಿ ಬಿಸಿ ಅನ್ನದ ಮುಂದೆ ಕೂರುವುದು ವ್ಯಾನಿನಿಂದ ಸಾಧ್ಯ. ಮರುದಿನಕ್ಕೆ ಉದ್ಯಾನದ ಟಿಕೆಟ್ ಕೊಳ್ಳಬೇಡಿ. ಪಕ್ಕದಲ್ಲಿಯೇ ಲೂನ್ಸೆ ಎನ್ ದ್ರೂನೆನ್ಸೆ ಡೈನೆನ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಪಶ್ಚಿಮ ಯೂರೋಪಿನ ಅತಿ ದೊಡ್ಡ ಹಾರುಮರಳಿನ ಬಯಲುಗಳಲ್ಲಿ ಅದೂ ಒಂದು. ಪೈನ್ ಮರಗಳ ನಡುವೆ ಸಮುದ್ರವಿಲ್ಲದ ಕಡಲತೀರದಂತೆ ಹಬ್ಬಿರುವ ಆ ಮರಳಿನಲ್ಲಿ ಒಂದು ಬಕೆಟ್, ಒಂದು ಸಲಿಕೆ ಕೊಟ್ಟರೆ ನಿಮ್ಮ ಮಗಳು ಇಡೀ ಬೆಳಗನ್ನು ಕಳೆಯುತ್ತಾಳೆ. ಹಿಂದಿನ ದಿನದ ಗದ್ದಲ, ಸಂಗೀತ, ಬಣ್ಣಗಳ ನಂತರ ಮೂರೂವರೆ ವರ್ಷದ ಮಗುವಿಗೆ ಅಂಥ ಸದ್ದಿಲ್ಲದ ದಿನವೊಂದು ಅಗತ್ಯ ಎಂದು ನಾನು ದೃಢವಾಗಿ ನಂಬುತ್ತೇನೆ.

ರೈನ್ ದಡದವಳು:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಅಸೆನ್ಷನ್ ವಾರವನ್ನು ಬಿಟ್ಟು ಅದಕ್ಕೂ ಮುಂಚಿನ ವಾರದ ಸೋಮವಾರ ಹೊರಟು, ಮಂಗಳವಾರ ಉದ್ಯಾನ, ಬುಧವಾರ ಮರಳಿನ ಬಯಲು, ಗುರುವಾರ ಬೆಳಗ್ಗೆ ಹಿಂದಿರುಗುವುದು ಎಂದು ನಿರ್ಧರಿಸಿದ್ದೇವೆ. ಕೈಗಾಡಿಯ ಸಲಹೆಯನ್ನು ನನ್ನ ಪತಿ ತಕ್ಷಣ ಒಪ್ಪಿದರು. ಉಳಿದಿರುವುದು ಅಡುಗೆಯ ವಿಷಯ. ಕ್ಯಾಂಪಿಂಗ್ ತಾಣದಲ್ಲಿ ವಿದ್ಯುತ್ ಇರುತ್ತದೆಯಾದ್ದರಿಂದ ಮನೆಯ ಇಂಡಕ್ಷನ್ ಒಲೆ, ರೈಸ್ ಕುಕ್ಕರ್, ಮಿಕ್ಸಿ ಇವುಗಳನ್ನು ತೆಗೆದುಕೊಂಡು ಹೋಗಬಹುದೇ? ಉದ್ಯಾನದೊಳಗೆ ನಮ್ಮ ಬುತ್ತಿಯನ್ನು ಬಿಡುತ್ತಾರೆಯೇ? ಅತ್ತೆಯವರಿಗೆ ಮಂಡಿನೋವು ಇರುವುದರಿಂದ ನಡಿಗೆಯ ಬಗ್ಗೆಯೂ ಸ್ವಲ್ಪ ಅಳುಕಿದೆ.

ಮ್ಯೂನಿಕ್ ಮಲೆನಾಡಿಗ:

ಇಂಡಕ್ಷನ್ ಒಲೆಯನ್ನು ಮನೆಯಲ್ಲಿಯೇ ಬಿಡಿ. ನೆದರ್ಲೆಂಡ್ಸ್‌ನ ಅನೇಕ ತಾಣಗಳಲ್ಲಿ ಒಂದು ವಾಹನಕ್ಕೆ ಸಿಗುವುದು 6 ಅಥವಾ 10 ಆಂಪಿಯರ್ ಮಾತ್ರ. 230 ವೋಲ್ಟ್‌ನಲ್ಲಿ 6 ಆಂಪಿಯರ್ ಎಂದರೆ ಒಟ್ಟು 1380 ವಾಟ್. 2000 ವಾಟ್‌ನ ಒಲೆಯನ್ನೋ ನೀರು ಕಾಯಿಸುವ ಕೆಟಲನ್ನೋ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ, ಅದನ್ನು ಸರಿಪಡಿಸಲು ರಾತ್ರಿ ತಾಣದ ಸಿಬ್ಬಂದಿಯನ್ನು ಹುಡುಕಬೇಕಾಗುತ್ತದೆ. 700 ವಾಟ್ ಆಸುಪಾಸಿನ ರೈಸ್ ಕುಕ್ಕರ್ ಧಾರಾಳವಾಗಿ ನಡೆಯುತ್ತದೆ. ಮಿಕ್ಸಿಯೂ ನಡೆಯುತ್ತದೆ, ಆದರೆ ಕುಕ್ಕರ್ ಆರಿದ ಮೇಲೆ ಹಾಕಿ. ಸಾರು, ಒಗ್ಗರಣೆ, ಹಾಲು ಕಾಯಿಸುವುದು ಇವೆಲ್ಲವನ್ನೂ ವ್ಯಾನಿನ ಗ್ಯಾಸ್ ಒಲೆಯಲ್ಲಿ ಮಾಡಬಹುದು. ಒಗ್ಗರಣೆಯ ಘಾಟು ಹಾಸಿಗೆಗಳಿಗೆ ಹಿಡಿಯುತ್ತದೆಯಾದ್ದರಿಂದ ಬಾಗಿಲು ತೆರೆದಿಟ್ಟು ಮಾಡಿ, ಇಲ್ಲವೇ ಮನೆಯಿಂದಲೇ ಗೊಜ್ಜು, ಪುಳಿಯೋಗರೆಯ ಹುಳಿ, ಚಟ್ನಿಪುಡಿ ಮಾಡಿಕೊಂಡು ಹೋಗಿ.

ವ್ಯಾನನ್ನು ನಿಲ್ಲಿಸಿದ ಕೂಡಲೇ ಚಕ್ರದ ಕೆಳಗೆ ಬೆಣೆ ಇಟ್ಟು ಮಟ್ಟ ಮಾಡಿಕೊಳ್ಳಿ. ಗ್ಯಾಸಿನಿಂದಲೂ ನಡೆಯುವ ಬಗೆಯ ಫ್ರಿಜ್ ಓರೆಯಾಗಿ ನಿಂತರೆ ಸರಿಯಾಗಿ ತಣ್ಣಗಾಗುವುದಿಲ್ಲ, ಮಗುವಿನ ಹಾಲು ಮೊಸರು ಕೆಡುತ್ತವೆ. ವ್ಯಾನಿನ ಶೌಚದ ಪೆಟ್ಟಿಗೆಯನ್ನು ತಾಣದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಹೊರಡುವ ಹಿಂದಿನ ಸಂಜೆಯೇ ಖಾಲಿ ಮಾಡಿ, ಬೆಳಗ್ಗೆ ಅಲ್ಲಿ ಸಾಲು ಇರುತ್ತದೆ. ಅತ್ತೆಯವರ ಪಾಸ್‌ಪೋರ್ಟ್ ಮತ್ತು ವೀಸಾ ಜೊತೆಯಲ್ಲಿರಲಿ. ಷೆಂಗೆನ್ ವೀಸಾ ಎರಡೂ ದೇಶಗಳಿಗೆ ನಡೆಯುತ್ತದೆ, ಆದರೂ ಗಡಿಯಲ್ಲಿ ಒಮ್ಮೊಮ್ಮೆ ತಪಾಸಣೆ ನಡೆಯುವುದುಂಟು.

ಬ್ರಾಬಂಟ್ ನಿವಾಸಿ:

ಬುತ್ತಿಯನ್ನು ಒಳಗೆ ಬಿಡುತ್ತಾರೆ, ಕುಳಿತು ತಿನ್ನುವುದಕ್ಕೆ ಮೇಜುಗಳೂ ಹುಲ್ಲುಹಾಸೂ ಇವೆ. ನಿಮ್ಮ ಅತ್ತೆಯವರಿಗಾಗಿ ಒಂದು ವಿಷಯ ಹೇಳಬೇಕು. ಉದ್ಯಾನದಲ್ಲಿ ಎಲ್ಲೆಲ್ಲೂ ಘಮಘಮಿಸುವ ಪೊಫರ್ಚೆಸ್ ನೋಡಲು ನಮ್ಮ ಪಡ್ಡಿನಂತೆಯೇ ಇರುತ್ತವೆ, ಆದರೆ ಆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ದೊಡ್ಡ ಪ್ಯಾನ್‌ಕೇಕ್‌ಗಳಿಗೂ ಹಾಗೆಯೇ. ಆಲೂಗಡ್ಡೆಯ ಫ್ರೈಸ್ ತೆಗೆದುಕೊಳ್ಳುವುದಾದರೆ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿ ತಿಳಿದುಕೊಳ್ಳಿ, ಇಲ್ಲಿನವರು ಇಂಥ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರಿಸುತ್ತಾರೆ. ಮೊಸರನ್ನಕ್ಕೆ ಅಂಗಡಿಯಲ್ಲಿ ‘ವೊಲ್ಲೆ ಯೋಗುರ್ಟ್’ ಎಂದು ಬರೆದಿರುವ ಸಾದಾ ಮೊಸರು ಚೆನ್ನಾಗಿ ಒಗ್ಗುತ್ತದೆ. ಕಾಟ್ಸ್‌ಹ್ಯೂವೆಲ್ ಊರಿನ ಸೂಪರ್ ಮಾರ್ಕೆಟ್‌ನಲ್ಲಿಯೇ ಸಿಗುವುದರಿಂದ ಮನೆಯಿಂದ ಹೊತ್ತು ತರಬೇಕಾಗಿಲ್ಲ.

ಮಂಡಿನೋವಿನ ಬಗ್ಗೆ ಅಳುಕಬೇಡಿ. ದಾರಿಗಳು ಬಹುತೇಕ ಸಮತಟ್ಟಾಗಿವೆ, ಕಥೆಗಳ ಕಾಡಿನಲ್ಲಿ ಹೆಜ್ಜೆ ಹೆಜ್ಜೆಗೂ ಬೆಂಚುಗಳಿವೆ, ಗಾಲಿಕುರ್ಚಿಗಳೂ ಬಾಡಿಗೆಗೆ ದೊರೆಯುತ್ತವೆ. ಹಬೆಯ ರೈಲಿಗೆ ಎರಡು ನಿಲ್ದಾಣಗಳು ಇರುವುದರಿಂದ ಉದ್ಯಾನದ ಒಂದು ಭಾಗದಿಂದ ಇನ್ನೊಂದಕ್ಕೆ ಅವರನ್ನೂ ಮಗುವನ್ನೂ ನಡೆಸದೆಯೇ ಕರೆದೊಯ್ಯಬಹುದು. ನೀವು ಟಿಲ್‌ಬರ್ಗ್ ಕಡೆಯಿಂದ ಎನ್ 261 ರಸ್ತೆಯಲ್ಲಿ ಬರುತ್ತೀರಿ. ಸೋಮವಾರ ಸಂಜೆ ನಾಲ್ಕರ ನಂತರ ಐಂಡ್‌ಹೋವನ್ ಸುತ್ತಿನ ಹೆದ್ದಾರಿಯಲ್ಲಿ ವಾಹನ ದಟ್ಟಣೆ ಇರುತ್ತದೆ, ಆದ್ದರಿಂದ ಮಧ್ಯಾಹ್ನದ ಊಟ ಮುಗಿಸಿಕೊಂಡು ಮಗಳ ನಿದ್ದೆಯ ಹೊತ್ತಿಗೆ ಸರಿಯಾಗಿ ಡ್ಯೂಸೆಲ್‌ಡಾರ್ಫ್ ಬಿಟ್ಟರೆ ಅವಳು ತನ್ನ ಆಸನದಲ್ಲಿಯೇ ನಿದ್ದೆ ಮುಗಿಸುವಷ್ಟರಲ್ಲಿ ಐಂಡ್‌ಹೋವನ್ ದಾಟಿರುತ್ತೀರಿ.